ಹಾಲುಪುಡಿಗೆ ಹೋದವರಲ್ಲ

ಪೋಸ್ಟ್ ಉದ್ದ ಅದ. ಬಿಡುವು ಮಾಡ್ಕೊಂಡು ಓದ್ರಿ, ಆಮ್ಯಾಲೆ ಜಗಳ ಆಡೋಣ.

ನಮ್ಮ ಭಾಲ್ಕಿ ಕಡೆ ಒಂದು ಬೈಗುಳ ಇದೆ, "ಹಾಲುಪುಡಿ ಕ್ರಿಶ್ಚನ್". ಅಮೆರಿಕದ ಹಾಲುಪುಡಿ, ಗೋಧಿ ರವೆ, ಹಳೇ ಅಂಗಿಗೆ ಆಸೆಬಿದ್ದು ಧರ್ಮ ಬಿಟ್ಟವರು ಅಂತ ಅರ್ಥ. ಮೇಲ್ಜಾತಿಯವರು ಅಂದ್ರೆ ಆಶ್ಚರ್ಯ ಇಲ್ಲ. ಆದ್ರೆ ಇತ್ತೀಚೆಗೆ ನಮ್ಮದೇ ಒಂದು ಅಧ್ಯಯನ ಶಿಬಿರದಲ್ಲಿ, ಬಾಬಾಸಾಹೇಬರ ಫೋಟೋ ಕೆಳಗೆ ಕುಂತು, ಎಂ.ಎ. ಓದಿದ ಹುಡುಗ ಒಬ್ಬ ಇದೇ ಮಾತು ನಗ್ತಾ ಅಂದ. ಸುತ್ತ ಕುಂತವರಲ್ಲಿ ಕಮ್ಮಿ ಅಂದ್ರೂ ನಾಲ್ಕು ಮಂದಿಯ ಮನೆಯವರು ಭಾನುವಾರ ಆರಾಧನೆಗೆ ಹೋಗುವವರು. ಅವರೂ ನಕ್ಕರು. ಅವರು ನಕ್ಕಿದ್ದೇ ನನಗೆ ಹೆಚ್ಚು ಚುಚ್ಚಿತು. ಅದಕ್ಕೇ ಈ ಬರಹ.

ನಾನು ಯಾರು ಅಂತ ಮೊದಲೇ ಹೇಳಿಬಿಡ್ತೀನಿ. ನಾನು ಅಂಬೇಡ್ಕರ್‌ವಾದಿ. ಚರ್ಚಿಗೆ ಹೋಗೋದು ವರ್ಷಕ್ಕೊಮ್ಮೆ ಕ್ರಿಸ್‌ಮಸ್‌ಗೆ, ಅದೂ ನಮ್ಮ ಆಯಿ ಹಾಕಿಕೊಟ್ಟ ರೂಢಿ. ಯಾರನ್ನೂ ಯಾವ ಧರ್ಮಕ್ಕೂ ಕರೆಯೋದು ನನ್ನ ಕೆಲಸ ಅಲ್ಲ. ನನ್ನ ಪ್ರಶ್ನೆ ಇತಿಹಾಸದ್ದು. ನೂರು ವರ್ಷಕ್ಕೂ ಹಿಂದೆ ಬೀದರ, ಭಾಲ್ಕಿ, ಹುಮನಾಬಾದ, ಔರಾದ ಕಡೆಯ ಕೇರಿಗಳಲ್ಲಿ ನಮ್ಮ ಮುತ್ಯಾಂದಿರು, ಆಯಿಂದಿರು ಯೇಸುವಿನ ಹೆಸರು ತಗೊಂಡಾಗ ಏನು ಹುಡುಕ್ತಾ ಇದ್ರು?

ಆಗಿನ ಕಾಲ ಹೆಂಗಿತ್ತು ನೋಡ್ರಿ. ಇದು ನಿಜಾಮರ ಹೈದರಾಬಾದ್ ಸಂಸ್ಥಾನ. ಮೇಲೆ ಜಾಗೀರದಾರ, ಊರಲ್ಲಿ ಪಾಟೀಲ, ಕುಲಕರ್ಣಿ. ಕೆಳಗೆ ನಾವು. ನಮ್ಮ ಮಂದಿಗೆ ಇದ್ದದ್ದು ಬಲೂತಿ ಪದ್ಧತಿ: ವರ್ಷವಿಡೀ ಊರ ಚಾಕರಿ ಮಾಡು, ಸತ್ತ ದನ ಎಳಿ, ಮಿಣಿ ಬಾರಕೋಲು ಮಾಡಿಕೊಡು, ಹಬ್ಬಕ್ಕೆ ಹಲಗಿ ಬಾರಿಸು, ಸಾವಿನ ಸುದ್ದಿ ಹೊತ್ತು ಪರಊರಿಗೆ ಓಡು. ಸುಗ್ಗಿಗೆ ಕಣದ ಅಂಚಿನಲ್ಲಿ ನಿಂತ್ರೆ ನಿನ್ನ ಪಾಲಿನ ಜ್ವಾಳ ಸಿಗ್ತದ. ಅದರ ಮ್ಯಾಲೆ ಬಿಟ್ಟಿ ಬೇಗಾರ. ಸರಕಾರಿ ಸಾಹೇಬರು ಬಂದ್ರೆ ಗಂಟು ಹೊರಲಿಕ್ಕೆ ಮೊದಲು ಕರೆಯೋದು ನಮ್ಮ ಕೇರಿಯನ್ನೇ.

ಹೊಟ್ಟೆ ಹಸಿವಿಗಿಂತ ದೊಡ್ಡದೊಂದು ಹಸಿವು ಇದರೊಳಗೆ ಇತ್ತು. ನೀ ಯಾಕೆ ಹುಟ್ಟೀದಿ ಅನ್ನೋ ಪ್ರಶ್ನೆಗೆ ಊರು ಮೊದಲೇ ಉತ್ತರ ಬರೆದಿಟ್ಟಿತ್ತು. ಹಿಂದಿನ ಜನ್ಮದ ಪಾಪ ತೀರಿಸಲಿಕ್ಕೆ, ಮ್ಯಾಲಿನವರ ಸೇವೆ ಮಾಡ್ಲಿಕ್ಕೆ. ಮುಗೀತು. ಬದುಕಿಗೆ ಅರ್ಥ ಹುಡುಕೋ ಹಕ್ಕೇ ಇಲ್ಲದ ಬದುಕು ಅದು. ಹೆಸರಿನಿಂದಲೇ ಶುರು. ಊರ ಬಾಯಲ್ಲಿ ನಮ್ಮವರು ತಿಪ್ಯಾ, ಕಲ್ಯಾ, ಕಾಳಿ. ಅಪ್ಪ, ಅಣ್ಣ, ಅಮ್ಮ ಅನ್ನೋ ಬಾಲ ನಮ್ಮ ಹೆಸರಿಗೆ ಅಂಟಿಸಿದ್ರೆ ಅವರ ನಾಲಿಗೆ ಸವೀತಿತ್ತು.

ಈ ನೆಲದಲ್ಲಿ ಈ ಉತ್ತರವನ್ನ ಯಾರೂ ಪ್ರಶ್ನೆ ಮಾಡಿರಲಿಲ್ಲ ಅಂತಲ್ಲ. ಭಾಲ್ಕಿಯಿಂದ ಬಸವಕಲ್ಯಾಣ ಎಷ್ಟು ದೂರ? 12ನೇ ಶತಮಾನದಲ್ಲಿ ಸಮಗಾರ ಹರಳಯ್ಯನ ಮಗನಿಗೆ ಬ್ರಾಹ್ಮಣ ಮೂಲದ ಮಧುವರಸನ ಮಗಳನ್ನು ಕೊಟ್ಟ ನೆಲ ಇದು. ಆ ಇಬ್ಬರು ಬೀಗರನ್ನು ಆನೆ ಕಾಲಿಗೆ ಕಟ್ಟಿ ಎಳೆಸಿದ್ದೂ ಇದೇ ನೆಲ. ಆಮೇಲೆ ಶತಮಾನಗಟ್ಟಲೆ ಕಲ್ಯಾಣದ ಹೆಸರು ಉಳಿತು, ಹರಳಯ್ಯನ ಕೇರಿ ಊರ ಹೊರಗೇ ಉಳಿತು.

ಬೀದರ ಕಡೆಗೆ ಬಂದದ್ದು ಅಮೆರಿಕದ ಮೆಥೋಡಿಸ್ಟ್ ಮಿಷನ್. ಹೈದರಾಬಾದ್ ನಗರದಲ್ಲಿ 1870ರ ದಶಕದಲ್ಲಿ ಕೆಲಸ ಶುರು ಮಾಡಿದವರು 19ನೇ ಶತಮಾನ ಮುಗಿಯೋ ಹೊತ್ತಿಗೆ ವಿಕಾರಾಬಾದ್, ಬೀದರ ಕಡೆ ಕಾಲಿಟ್ಟಿದ್ರು. ಬೀದರಿನ ಮಂಗಲಪೇಟೆ ಚರ್ಚು, ಮಿಷನ್ ದವಾಖಾನಿ ಈ ಜಿಲ್ಲೆಯಲ್ಲಿ ಯಾರಿಗೆ ಗೊತ್ತಿಲ್ಲ? ಜಾತಿ ಕೇಳದೆ ನಾಡಿ ಹಿಡಿದ ಡಾಕ್ಟರನ್ನ ನಮ್ಮ ಹಿರಿಯರು ಮೊದಲು ಕಂಡದ್ದು ಅಲ್ಲೇ ಅಂತ ಆಯಿ ಹೇಳ್ತಿದ್ಳು. ಆದ್ರೆ ಬಿಳಿ ದೊರೆ ಕುದುರೆ ಮ್ಯಾಲೆ ಬಂದು ನಮ್ಮನ್ನ ಉದ್ಧಾರ ಮಾಡಿದ ಅನ್ನೋ ಕಥೆ ಇದೆಯಲ್ಲ, ಅದು ಮಿಷನ್ ವರದಿಗಳ ಕಥೆ. ಕೇರಿಯ ಕಥೆ ಬ್ಯಾರೆ. ಕೇರಿಗೆ ಸುವಾರ್ತೆ ತಂದವರು ಬೀಗರು. ವಿಕಾರಾಬಾದ್ ಕಡೆ ಕೊಟ್ಟ ಅಕ್ಕ, ಜಹೀರಾಬಾದ್ ಕಡೆಯಿಂದ ತೊಗಲು ವ್ಯಾಪಾರಕ್ಕೆ ಬರೋ ಮಾವ. ನಮ್ಮಲ್ಲೇ ನಾಲ್ಕಕ್ಷರ ಕಲಿತು, ಚೂರುಪಾರು ಸಂಬಳಕ್ಕೆ ಹತ್ತು ಹಳ್ಳಿ ಕಾಲ್ನಡಿಗೆಯಲ್ಲಿ ತಿರುಗಿದ ಬೋಧಕರು, ಅವರ ಹೆಂಡಂದಿರು, ಮನೆಮನೆಗೆ ಹೋಗಿ ಹೆಣ್ಣುಮಕ್ಕಳಿಗೆ ಓದಿ ಹೇಳೋ ಬೈಬಲ್ ವುಮನ್‌ಗಳು. ದೊರೆಯ ಫೋಟೋ ಗೋಡೆ ಮ್ಯಾಲೆ ಅದ. ಇವರ ಫೋಟೋ ಎಲ್ಲೂ ಇಲ್ಲ.

ಹಿಂಗೆ ಬೀಗತನದ ದಾರಿಯಲ್ಲಿ ಹರಡಿದ್ದಕ್ಕೆ ಗಟ್ಟಿ ಸಾಕ್ಷಿ ಸಿಗೋದು ನಮ್ಮ ನೆರೆಯ ತೆಲುಗು ಸೀಮೆಯಲ್ಲಿ. ಯರ್ರಗುಂಟ್ಲ ಪೇರಯ್ಯ ಅನ್ನೋ ಮಾದಿಗರ ಹಿರಿಯನ ಹೆಸರು ನಮ್ಮ ಮಾದಿಗ ದಂಡೋರದ ಗೆಳೆಯರಾದರೂ ಕೇಳಿರಬೇಕು. ಒಂಗೋಲು ಸೀಮೆಯವ, ಚರ್ಮದ ವ್ಯಾಪಾರಿ. ಈತ ಯಾವ ಮಿಷನರಿಯ ಮುಖ ನೋಡೋಕ್ಕಿಂತ ಮೊದಲೇ ವರ್ಷಗಟ್ಟಲೆ ದೇವರನ್ನ ಹುಡುಕಿದವ. ವೀರಮ್ಮ ಅನ್ನೋ ಗುರುತಾಯಿಯ ಹತ್ತಿರ ರಾಜಯೋಗ ಕಲಿತು, ತಾನೂ ಗುರುವಾಗಿ ಶಿಷ್ಯರನ್ನ ಮಾಡಿಕೊಂಡಿದ್ದ. ವ್ಯಾಪಾರಕ್ಕೆ ಹೋದ ಕಡೆ ಯೇಸುವಿನ ಮಾತು ಕಿವಿಗೆ ಬಿತ್ತು. ನಾ ಹುಡುಕ್ತಿದ್ದದ್ದು ಇದೇ ಅಂತ ಅನಿಸ್ತು. 1866ರಲ್ಲಿ, ಹೆಂಡತಿ ನಾಗಮ್ಮನ ಜೊತೆ ದೀಕ್ಷಾಸ್ನಾನ ಆಯಿತು. ಸ್ನಾನ ಕೊಟ್ಟವರು ಜಾನ್ ಕ್ಲಫ್ ಇದ್ದ ಅಮೆರಿಕನ್ ಬ್ಯಾಪ್ಟಿಸ್ಟ್ ಮಿಷನ್‌ನವರು. ಆಮೇಲೆ ಪೇರಯ್ಯ ತೊಗಲಿನ ವ್ಯಾಪಾರದ ದಾರಿಗಳಲ್ಲೇ ತನ್ನ ಮಂದಿಯನ್ನ ಕಂಡು ಮಾತಾಡಿದ. ಕ್ಲಫ್‌ನ ಹೆಂಡತಿ ಎಮ್ಮಾ ರೌಶನ್‌ಬುಶ್ ಕ್ಲಫ್ 1899ರಲ್ಲಿ ಮಾದಿಗರ ಬಗ್ಗೆ ಬರೆದ ಪುಸ್ತಕದಲ್ಲಿ ಈ ಕಥೆ ಇದೆ. ಬರೆದವಳ ಕಣ್ಣು ಮಿಷನರಿ ಕಣ್ಣೇ, ಆದ್ರೂ ಮಾದಿಗರಿಗೆ ಒಂದು ಒಳಬದುಕು, ಒಂದು ಗುರು ಪರಂಪರೆ ಇತ್ತು ಅಂತ ಬರೆದಿಟ್ಟಳಲ್ಲ, ಆ ಕಾಲಕ್ಕೆ ಅದು ಸಣ್ಣ ಮಾತಲ್ಲ.

ಈಗ ಹಾಲುಪುಡಿ ವಾದಕ್ಕೆ ಬರೋಣ. 1876ರಿಂದ 78ರವರೆಗೆ ದಕ್ಷಿಣದಲ್ಲಿ ಮಹಾ ಬರ. ಕ್ಲಫ್ ಬಕಿಂಗ್‌ಹ್ಯಾಮ್ ಕಾಲುವೆ ತೋಡುವ ಕೆಲಸದಲ್ಲಿ ಒಂದು ಭಾಗ ಗುತ್ತಿಗೆ ಹಿಡಿದು ಸಾವಿರಾರು ಮಂದಿಗೆ ಕೂಲಿ ಕೊಟ್ಟ. ಮತ ಮಾರೋದೇ ಇದ್ದಿದ್ರೆ ಅದೇ ಹೊತ್ತು. ಆದ್ರೆ ಆತ ಮಾಡಿದ್ದು ಉಲ್ಟಾ: ಪರಿಹಾರದ ಕೆಲಸ ನಡೆಯೋ ತನಕ, ವರ್ಷಕ್ಕೂ ಮಿಕ್ಕಿ, ದೀಕ್ಷಾಸ್ನಾನವನ್ನೇ ನಿಲ್ಲಿಸಿದ. ಹೊಟ್ಟೆಗಾಗಿ ಬರೋರು ಬ್ಯಾಡ ಅಂತ. ಪರಿಹಾರ ಮುಗೀತು, ಕೊಡಲಿಕ್ಕೆ ದುಡ್ಡಿಲ್ಲ ಅಂತ ಸಾರಿದ್ದಾಯ್ತು. ಆಗಲೂ ಜನ ಬಂದ್ರು. 1878ರ ಜುಲೈ 3ರಂದು ಒಂದೇ ದಿನ 2,222 ಮಂದಿ ನೀರಿಗಿಳಿದ್ರು. ಆ ನೀರಿಗಿಳಿದವರಿಗೆ ಕೂಲಿ ಯಾರೂ ಕೊಟ್ಟಿರಲಿಲ್ಲ.

ಬರಕ್ಕೂ ಇದಕ್ಕೂ ಸಂಬಂಧವೇ ಇಲ್ಲ ಅಂತ ನಾನು ಹೇಳಲ್ಲ. ಇತ್ತು. ಮಿಷನ್ ಶಾಲೆಗಳಿಗೆ ಬರದಲ್ಲಿ ಅನಾಥರಾದ ಮಕ್ಕಳು ಸೇರಿದ್ದು ನಿಜ, ಮುಂದೆ 1972ರ ಬರದ ಕಾಲದಲ್ಲಿ ನಮ್ಮ ಕೇರಿಗೂ ಹಾಲುಪುಡಿ ಬಂದದ್ದು ನಿಜ. ಅದನ್ನ ಕುಡಿದವರಲ್ಲಿ ನಮ್ಮಪ್ಪನೂ ಒಬ್ಬ. ಆದ್ರೆ ನಮ್ಮ ಮನೆತನ ಯೇಸುವನ್ನ ನಂಬಿ ಆಗಲೇ ಎರಡು ತಲೆಮಾರು ಕಳೆದಿತ್ತು. ಹಸಿದವನಿಗೆ ಆಲೋಚನೆ ಇರಲ್ಲ ಅಂದ್ಕೊಳ್ಳೋದು ಹೊಟ್ಟೆ ತುಂಬಿದವರ ಕಲ್ಪನೆ. ತನ್ನವರು ದಾರಿ ಬದಿ ಸಾಯ್ತಿರೋದನ್ನ, ಊರ ದೇವರು ಗುಡಿ ಬಾಗಿಲು ತೆರೀದೆ ಕುಂತಿರೋದನ್ನ ಕಂಡವನೇ ಅಲ್ವಾ "ನಾ ಯಾರಿಗೆ ಬೇಕಾದವ?" ಅಂತ ಕೇಳೋನು?

ಲೆಕ್ಕ ಹಾಕೋದೇ ಆದ್ರೆ ಇನ್ನೊಂದು ಲೆಕ್ಕ ಹಾಕ್ರಿ. ಕ್ರಿಸ್ತನನ್ನ ಒಪ್ಪಿಕೊಂಡ ಕೇರಿ ಏನೇನು ಬಿಡಬೇಕಾಗಿತ್ತು? ಸತ್ತ ದನದ ಬಾಡು ತಿನ್ನಂಗಿಲ್ಲ. ಸೆರೆ ಕುಡಿಯಂಗಿಲ್ಲ. ಮಗಳನ್ನ ದೇವರಿಗೆ ಬಿಡಂಗಿಲ್ಲ. ಊರ ದೇವತೆಯ ಮುಂದೆ ಹಲಗಿ ಬಾರಿಸಂಗಿಲ್ಲ. ಭಾನುವಾರ ಬೇಗಾರಕ್ಕೆ ಹೋಗಂಗಿಲ್ಲ. ಇದರಲ್ಲಿ ಒಂದೊಂದೂ ಊರಿನ ವ್ಯವಸ್ಥೆಗೆ ಬಿದ್ದ ಕೊಡಲಿ ಪೆಟ್ಟು. ಹಲಗಿ ನಿಂತ್ರೆ ಜಾತ್ರಿ ನಿಲ್ತದ, ಜಾತ್ರಿ ನಿಂತ್ರೆ ಸುಗ್ಗಿಯ ಪಾಲು ನಿಲ್ತದ. ಪೇರಯ್ಯನ ಕಡೆಯವರಿಗೆ ಬಿದ್ದದ್ದೂ ಇದೇ ಬಹಿಷ್ಕಾರ. ಜ್ವಾಳಕ್ಕಾಗಿ ಧರ್ಮ ಬಿಟ್ರು ಅಂತೀರಿ. ಧರ್ಮಕ್ಕಾಗಿ ಜ್ವಾಳ ಬಿಟ್ಟವರ ಲೆಕ್ಕ ಯಾರು ಬರೆದ್ರು?

ಒಬ್ಬ ಬರೆದ. ಮೆಥೋಡಿಸ್ಟ್ ಮಿಷನರಿ ವಾಸ್ಕಮ್ ಪಿಕೆಟ್ 1933ರಲ್ಲಿ ಸಾಮೂಹಿಕ ಮತಾಂತರಗಳ ಬಗ್ಗೆ ದೊಡ್ಡ ಅಧ್ಯಯನ ಪ್ರಕಟಿಸಿದ. ಅದರಲ್ಲಿ ನೋಡಿದ ಪ್ರದೇಶಗಳಲ್ಲಿ ನಮ್ಮ ಪಕ್ಕದ ವಿಕಾರಾಬಾದೂ ಒಂದು, ಅಂದ್ರೆ ಈಗ ಭಾಲ್ಕಿ ಸ್ಟೇಷನ್ನಿನಲ್ಲಿ ರೈಲು ಹತ್ತಿದ್ರೆ ಆ ಲೈನಿನ ಕೊನೆ. ಸುಮಾರು ನಾಲ್ಕು ಸಾವಿರ ಮಂದಿಯನ್ನ "ಯಾಕೆ ಕ್ರೈಸ್ತರಾದ್ರಿ?" ಅಂತ ಕೇಳಿಸಿದ. ಮೂರರಲ್ಲಿ ಒಂದು ಭಾಗದವರು ಆತ್ಮದ ಕಾರಣ ಹೇಳಿದ್ರು, ಇನ್ನೂ ಅಷ್ಟೇ ಮಂದಿ ಕ್ರೈಸ್ತ ಮನೆಯಲ್ಲೇ ಹುಟ್ಟಿದವರು. ನಮ್ಮ ಕುಲದವರೆಲ್ಲ ಹೋದ್ರು ಅಂತ ನಾವೂ ಹೋದ್ವಿ ಅನ್ನೋ ರೀತಿಯ ಸಾಮಾಜಿಕ ಕಾರಣ ಹೇಳಿದವರು ಉಳಿದವರಲ್ಲಿ ಹೆಚ್ಚು. ಲೌಕಿಕ ಲಾಭದ ಕಾರಣ ಹೇಳಿದವರು ಹತ್ತರಲ್ಲಿ ಒಬ್ಬರಿಗಿಂತ ಕಮ್ಮಿ. ಪಿಕೆಟ್ ಮಿಷನರಿ, ಪ್ರಶ್ನೆ ಕೇಳಿದವರೂ ಅವರ ಕಡೆಯವರೇ, ಹಂಗಾಗಿ ಈ ಅಂಕಿಗೆ ಚಿಟಿಕೆ ಉಪ್ಪು ಹಾಕ್ಕೊಂಡೇ ತಿನ್ನಬೇಕು. ನಾನೂ ಹಾಕ್ಕೊಂಡಿದ್ದೀನಿ. ಆದ್ರೆ ನಮ್ಮ ಜನರನ್ನ ಎದುರಿಗೆ ಕೂಡ್ರಿಸಿಕೊಂಡು "ಯಾಕೆ?" ಅಂತ ಕೇಳಿದ್ರಲ್ಲ. ಆ ಕಾಲದಲ್ಲಿ ನಮಗೆ "ಯಾಕೆ" ಇರಬಹುದು ಅಂತ ಅಂದುಕೊಂಡವರೇ ಎಷ್ಟು ಮಂದಿ?

ನಮ್ಮ ಆಯಿಯ "ಯಾಕೆ" ಹೇಳ್ತೀನಿ. ಆಯಿ ಸೂಲಗಿತ್ತಿ. ನಮ್ಮ ಕಡೆ ಬಾಣಂತನದ ಕೆಲಸ ನಮ್ಮ ಹೆಣ್ಣುಮಕ್ಕಳದ್ದೇ. ಹೆರಿಗೆ ಮಾಡಿಸೋ ತನಕ ಆಕೆಯ ಕೈ ಬೇಕು, ಆಮೇಲೆ ಆಕೆ ಮುಟ್ಟಿದ್ದೆಲ್ಲ ಮೈಲಿಗೆ. ಕೂಲಿ ಜ್ವಾಳ ಕೊಡುವಾಗ ಮ್ಯಾಲಿಂದ ಉಡಿಗೆ ಸುರೀತಿದ್ರು, ಕೈಗೆ ಕೈ ತಾಗಬಾರದಂತ. ಆಯಿಯ ಅತ್ತೆಯೂ ಇದೇ ಕೆಲಸ ಮಾಡಿದವಳು, ಆದ್ರೆ ಆಕೆಗೆ ಅದು ಹುಟ್ಟಿನ ಕರ್ಮ. ಆಯಿ ಹಂಗಲ್ಲ. ಸಂಜೆ ಕಂದೀಲಿನ ಬೆಳಕಿನಲ್ಲಿ ಬೋಧಕನ ಹೆಂಡತಿಯ ಹತ್ತಿರ ಅಕ್ಷರ ಕಲಿತವಳು. ಹೆರಿಗೆ ಮನೆಗೆ ಹೋದ್ರೆ ಮೊದಲು ಕಣ್ಣು ಮುಚ್ಚಿ ನಿಂತು ಪ್ರಾರ್ಥನೆ ಮಾಡೋಳು. ಒಮ್ಮೆ ಗೌಡರ ಮನೆಯ ಹಿರಿ ಹೆಣ್ಣುಮಗಳು, "ಬ್ಯಾನಿ ತಿನ್ಲತ್ಯಾಳ, ಇಲ್ಲೇನು ನಿಂತೀದಿ, ಚಾಕರಿ ಮಾಡ್ಲಿಕ್ಕ ಕರ್ದೀವಿ" ಅಂದಳಂತೆ. ಆಯಿ ಅಂದದ್ದು: "ನಿಮ್ಮ ಚಾಕರಿಗೆ ಬಂದಿಲ್ರಿ ಬಾಯಿ. ಆ ಕೂಸಿನ ಸಲುವಾಗಿ ಅವ ನನಗ ಕಳಸ್ಯಾನ, ಅದಕ್ಕ ಬಂದೀನಿ."

ಕೆಲಸ ಅದೇ. ಕೈ ಅವೇ. ಉಡಿಗೆ ಜ್ವಾಳ ಸುರಿಯೋದೂ ಅವತ್ತೇ ನಿಲ್ಲಲಿಲ್ಲ. ಆದ್ರೆ ಆಕೆ ಯಾರ ಆಳು ಅನ್ನೋದು ಬದಲಾಗಿತ್ತು. "ದೇವರಿಗಿ ನನ್ನಿಂದ ಕೆಲಸ ಅದ" ಅಂತ ಆಯಿ ಸಾಯೋ ತನಕ ಹೇಳ್ತಿದ್ಳು. ನಾನು ಕಾಲೇಜಿನಲ್ಲಿ ಮಾರ್ಕ್ಸು, ಲೋಹಿಯಾ ಅಂತ ಓದಿಕೊಂಡು ಬಂದು ಆಕೆ ಜೊತೆ ವಾದ ಮಾಡ್ತಿದ್ದೆ. ಆಕೆ ಎಲ್ಲ ಕೇಳಿ, "ಹೂಂ, ನೀನೂ ಯಾರೋ ಕಳಸಿದಾಂಗೇ ತಿರುಗ್ಲತ್ತಿ" ಅಂತ ನಗೋಳು.

ಅಕ್ಷರದ ಬಗ್ಗೆ ಒಂದು ಮಾತು. ನಿಜಾಮರ ಆಡಳಿತದಲ್ಲಿ ಶಾಲೆ ಅಂದ್ರೆ ಉರ್ದು. ಭಾಲ್ಕಿ ಹಿರೇಮಠದ ಡಾ. ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಕನ್ನಡ ಕಲಿಸಿದ್ದನ್ನ ಈ ಜಿಲ್ಲೆ ಹೆಮ್ಮೆಯಿಂದ ಹೇಳ್ತದ, ಹೇಳಬೇಕು, ಅವರ ಋಣ ದೊಡ್ಡದು. ಆದ್ರೆ ಕೇರಿಯ ಗುಡಿಸಲಲ್ಲಿ ಕಂದೀಲು ಹಚ್ಚಿ ಕನ್ನಡ ಅಕ್ಷರ ತಿದ್ದಿಸಿದ ಆ ಹೆಸರಿಲ್ಲದ ಬೋಧಕರನ್ನ ಕನ್ನಡ ಕಟ್ಟಿದವರ ಪಟ್ಟಿಗೆ ಯಾರು ಸೇರಿಸಿದ್ರು? ಕನ್ನಡದಲ್ಲಿ ಪೂರ್ತಿ ಬೈಬಲ್ಲು ಬಳ್ಳಾರಿಯ ಜಾನ್ ಹ್ಯಾಂಡ್ಸ್ ಮುಂತಾದವರ ದುಡಿಮೆಯಿಂದ 1831ಕ್ಕೇ ಅಚ್ಚಾಗಿತ್ತು. ಆ ಪುಸ್ತಕದ ಕನ್ನಡ ನಮ್ಮ ಬೀದರ ಬಾಯಿಗೆ ಕಬ್ಬಿಣದ ಕಡಲೆ. ಆದ್ರೂ ಅದನ್ನೇ ಬೆರಳಿಟ್ಟು ಓದಿದ್ರು. ಔರಾದ, ಕಮಲನಗರದ ನಮ್ಮ ಬೀಗರು ಹಾಡು ಮಾತ್ರ ಮರಾಠಿಯಲ್ಲೇ ಹಾಡೋರು, ಈಗಲೂ ಹಂಗೇ.

ಹಳೇದೆಲ್ಲ ಒಂದೇ ದಿನಕ್ಕೆ ಬಿಟ್ಟೂ ಇಲ್ಲ. ಲೂಕ್ ಮತ್ತು ಕಾರ್ಮನ್ ಅನ್ನೋ ಇಬ್ಬರು ಮೇದಕ ಸೀಮೆಯ ಹಳ್ಳಿ ಕ್ರೈಸ್ತರ ಬಗ್ಗೆ 1968ರಲ್ಲಿ ಪುಸ್ತಕ ತಂದ್ರು. ಚರ್ಚಿಗೂ ಹೋಗ್ತಾರೆ, ಸಿಡುಬಿನ ಅಮ್ಮನಿಗೂ ಕೈ ಮುಗೀತಾರೆ ಅಂತ ಬರೆದ್ರು. ನಮ್ಮ ಮನೆಯಲ್ಲೂ ಅದೇ. ವಿಕಾರಾಬಾದ್ ಹತ್ತಿರದ ಧಾರೂರಿನಲ್ಲಿ 1920ರ ದಶಕದಿಂದ ಪ್ರತಿ ನವೆಂಬರಿನಲ್ಲಿ ಮೆಥೋಡಿಸ್ಟರ ಜಾತ್ರಿ ನಡೀತದ. ಹೌದು, ಜಾತ್ರಿಯೇ, ಹೆಸರೇ ಹಂಗೆ. ಬುತ್ತಿ ಕಟ್ಕೊಂಡು, ಮರದ ಕೆಳಗೆ ಒಲೆ ಹೂಡಿ, ರಾತ್ರಿಯೆಲ್ಲ ಭಜನಿ. ಊರ ಜಾತ್ರಿಯಲ್ಲಿ ದೂರ ನಿಂತು ಹಲಗಿ ಬಾರಿಸಿದವರು ತಮ್ಮದೇ ಜಾತ್ರಿ ಕಟ್ಟಿಕೊಂಡ್ರು. ಇದನ್ನ ನೋಡಿ "ಪೂರ್ತಿ ಕ್ರೈಸ್ತರಲ್ಲ" ಅಂತ ಮೂಗು ಮುರಿಯೋ ಪಾಸ್ಟರುಗಳೂ ಇದ್ದಾರೆ. ಇರಲಿ.

ಇಷ್ಟು ಹೇಳಿದ ಮೇಲೆ, ಈ "ಯಾಕೆ"ಯನ್ನ ನಮ್ಮಿಂದ ಕಿತ್ತುಕೊಂಡವರ ಬಗ್ಗೆ ಹೇಳಬೇಕು. 1935ರ ಅಕ್ಟೋಬರ್ 13ರಂದು ಯೇವಲಾದಲ್ಲಿ ಬಾಬಾಸಾಹೇಬರು ಹಿಂದೂವಾಗಿ ಸಾಯಲ್ಲ ಅಂತ ಸಾರಿದ್ರು. ದೇಶದ ಎಲ್ಲ ಧರ್ಮದವರೂ ನಮ್ಮ ಕಡೆ ತಿರುಗಿ ನೋಡಿದ್ರು. ಮುಂದಿನ ವರ್ಷ ಮಿಷನರಿ ನಾಯಕ ಜಾನ್ ಮಾಟ್ ಗಾಂಧೀಜಿಯನ್ನ ಕಾಣ್ತಾನೆ. ಅಸ್ಪೃಶ್ಯರಿಗೆ ಸುವಾರ್ತೆ ಸಾರುವ ಮಾತು ಬಂದಾಗ ಗಾಂಧೀಜಿ, ನೀವು ಹಸುವಿಗೆ ಸುವಾರ್ತೆ ಹೇಳ್ತೀರಾ ಅನ್ನೋ ಅರ್ಥದ ಪ್ರಶ್ನೆ ಕೇಳ್ತಾರೆ. ತಿಳಿವಳಿಕೆಯಲ್ಲಿ ಅವರಲ್ಲಿ ಕೆಲವರು ಅದಕ್ಕಿಂತ ಕಡೆ ಅಂತ. 1936ರ ಡಿಸೆಂಬರಿನ 'ಹರಿಜನ' ಪತ್ರಿಕೆಯಲ್ಲೇ ಅಚ್ಚಾಗಿದೆ, ನಾನು ಹುಟ್ಟಿಸಿದ್ದಲ್ಲ. ಆ ಹೊತ್ತಿಗೆ ಪೇರಯ್ಯ ಗುರು ಹುಡುಕಿ ಹೊರಟು ಎಷ್ಟು ದಶಕ ಆಗಿತ್ತು, ಲೆಕ್ಕ ಹಾಕ್ಕೊಳ್ರಿ.

ನಮ್ಮ ಹೈದರಾಬಾದ್ ಸಂಸ್ಥಾನದಲ್ಲಂತೂ 1930ರ ದಶಕ ತಲೆ ಎಣಿಕೆಯ ಕಾಲ. ಒಂದು ಕಡೆ ಆರ್ಯ ಸಮಾಜದ ಶುದ್ಧಿ, ಇನ್ನೊಂದು ಕಡೆ ಬಹಾದ್ದೂರ್ ಯಾರ್ ಜಂಗ್ ಅವರ ತಬ್ಲೀಗ್, ಮತ್ತೊಂದು ಕಡೆ ಮಿಷನ್. ಎಲ್ಲರಿಗೂ ನಮ್ಮ ತಲೆ ಬೇಕಿತ್ತು. ತಲೆಯೊಳಗೆ ಏನಿದೆ ಅನ್ನೋದು ಕೇಳಿದವರು ನಮ್ಮವರೇ. ಹೈದರಾಬಾದಿನಲ್ಲಿ ಭಾಗ್ಯರೆಡ್ಡಿ ವರ್ಮ, ಆಮೇಲೆ ಬಿ. ಶ್ಯಾಮಸುಂದರ್. 1968ರಲ್ಲಿ ಗುಲಬರ್ಗಾದಲ್ಲಿ ಭೀಮಸೇನೆ ಕಟ್ಟಿದ ಅದೇ ಶ್ಯಾಮಸುಂದರ್. ಅವರ ಬಗ್ಗೆ ಇನ್ನೊಮ್ಮೆ ಬರೀತೀನಿ, ಇಲ್ಲಿ ಹಿಡಿಸಲ್ಲ.

ಗಾಂಧೀಜಿಯ ಮಾತು ಹಳೇದು ಅಂತ ಬಿಡಬ್ಯಾಡ್ರಿ. 2022ರಲ್ಲಿ ನಮ್ಮ ಕರ್ನಾಟಕದಲ್ಲಿ ಮತಾಂತರ ತಡೆ ಕಾನೂನು ಬಂತಲ್ಲ, ಅದರಲ್ಲಿ ಅಪ್ರಾಪ್ತರು, ಬುದ್ಧಿ ಸ್ವಾಧೀನ ಇಲ್ಲದವರು, ಹೆಂಗಸರು, ಪರಿಶಿಷ್ಟ ಜಾತಿ ಪಂಗಡದವರು ಎಲ್ಲರೂ ಒಂದೇ ಸಾಲಿನಲ್ಲಿ. ಇವರನ್ನ ಅಕ್ರಮವಾಗಿ ಮತಾಂತರ ಮಾಡಿದ್ರೆ 3ರಿಂದ 10 ವರ್ಷ ಜೈಲು, 50,000 ರೂಪಾಯಿ ದಂಡ, ಉಳಿದವರ ವಿಷಯದಲ್ಲಿ ಶಿಕ್ಷೆ ಕಮ್ಮಿ. ಅಂದ್ರೆ ಐ.ಎ.ಎಸ್. ಮಾಡಿದ ದಲಿತನೂ ಕಾನೂನಿನ ಕಣ್ಣಿಗೆ ಪುಸಲಾಯಿಸಿದ್ರೆ ಹೋಗೋ ಕೂಸು. ಆ ಕಾನೂನು ರದ್ದು ಮಾಡುವ ತೀರ್ಮಾನವನ್ನ 2023ರ ಜೂನ್‌ನಲ್ಲಿ ಸಚಿವ ಸಂಪುಟ ತಗೊಂಡಿತು. ಆ ಸಾಲು ಬರೆದ ಮನಸ್ಸು ಯಾವ ಸಂಪುಟದ ತೀರ್ಮಾನಕ್ಕೂ ಸಿಗಲ್ಲ.

ಈಗ ನನ್ನ ಚರ್ಚಿನ ಬಂಧುಗಳು "ಭೇಷ್" ಅನ್ನೋಕ್ಕಿಂತ ಮುಂಚೆ ಇದನ್ನೂ ಕೇಳ್ರಿ. 1938ರ ಆರಂಭದಲ್ಲಿ ಬಾಬಾಸಾಹೇಬರು ಸೋಲಾಪುರದಲ್ಲಿ ಕ್ರೈಸ್ತರ ಸಭೆಯಲ್ಲಿ ಮಾತಾಡಿದ್ರು. ಬುದ್ಧ ಮತ್ತು ಕ್ರಿಸ್ತ, ಈ ಇಬ್ಬರು ತನ್ನ ಮನಸ್ಸು ಸೆಳೆದವರು ಅಂತ ಗೌರವದಿಂದಲೇ ಹೇಳಿ, ಆಮೇಲೆ ನೇರವಾಗಿ ಕೇಳಿದ್ರು: ನಿಮ್ಮಲ್ಲಿ ಓದಿದವರು ಇಷ್ಟು ಮಂದಿ ಇದ್ದೀರಿ, ಅನ್ಯಾಯದ ವಿರುದ್ಧ ನಿಮ್ಮ ಹೋರಾಟ ಎಲ್ಲಿ? ಮತಾಂತರಗೊಂಡವರ ಸ್ಥಿತಿಗತಿ ಬಗ್ಗೆ ಅವರು ಬರೆದದ್ದು ಬರಹ ಭಾಷಣಗಳ ಐದನೇ ಸಂಪುಟದಲ್ಲಿದೆ. ಅಲ್ಲಿನ ಒಂದು ವಾದ ನನ್ನ ನಿದ್ದೆ ಕೆಡಿಸಿದೆ. ದಲಿತ ಬಿದ್ದದ್ದು ಸುತ್ತಲಿನ ಅನ್ಯಾಯದ ವ್ಯವಸ್ಥೆಯಿಂದ. ಚರ್ಚು ಅವನಿಗೆ ಹೇಳೋದು, ನೀ ಬಿದ್ದದ್ದು ನಿನ್ನ ಪಾಪದಿಂದ, ಕ್ಷಮೆ ಕೇಳು ಅಂತ. ಅಲ್ಲಿಗೆ ಅವನು ಸಮಾಜದ ಜೊತೆ ಜಗಳ ಬಿಟ್ಟು ತನ್ನ ಜೊತೆಗೇ ಜಗಳಕ್ಕೆ ಕೂಡ್ತಾನೆ.

ಇದು ಎಷ್ಟು ನಿಜ ಅಂತ ನಮ್ಮ ಕೇರಿಯ ಒಂದು ಭಾನುವಾರದ ಪ್ರಸಂಗ ಕೇಳಿದ್ರೆ ಗೊತ್ತಾಗ್ತದ. ಹಿಂದಿನ ಜನ್ಮದ ಪಾಪ ಅಂತ ಊರು ಹೇಳ್ತಿತ್ತು, ಆದಾಮನ ಪಾಪ ಅಂತ ಪಾಸ್ಟರ್ ಹೇಳ್ತಾರೆ. ಪಾಟೀಲನ ಪಾಪದ ಬಗ್ಗೆ ಇಬ್ಬರೂ ಮಾತಾಡಲ್ಲ! ಒಳಗಡೆ ಜಾತಿಯೂ ಹೋಗಲಿಲ್ಲ. ಒಂದೇ ರೊಟ್ಟಿ ಮುರಿದು ತಿಂದವರು ಮಗಳ ಮದುವಿ ಮಾತು ಬಂದ್ರೆ "ಅವರು ಯಾವ ಪೈಕಿ?" ಅಂತ ಕೇಳ್ತಾರೆ. ಆಯಿಗೆ ಸಿಕ್ಕ "ಕೆಲಸ" ಮುಂದಿನ ತಲೆಮಾರಿಗೆ ಬರೀ ಸ್ವರ್ಗದ ಟಿಕೀಟು ಆಗಿಬಿಟ್ಟಿತು. ಇದನ್ನ ಒಳಗಿನಿಂದಲೇ ಕೇಳಿದವರೂ ಇದ್ದಾರೆ. ಮಹಾರಾಷ್ಟ್ರದ ದಲಿತ ಕ್ರೈಸ್ತ ಅರವಿಂದ ನಿರ್ಮಲ್ 1981ರಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಾಲಜಿಕಲ್ ಕಾಲೇಜಿನಲ್ಲಿ ಮಾಡಿದ ಭಾಷಣದಿಂದಲೇ ದಲಿತ ಥಿಯಾಲಜಿ ಅನ್ನೋ ಚರ್ಚೆ ಬೆಳೀತು. ಬೆಂಗಳೂರಿನಿಂದ ಅದು ಭಾಲ್ಕಿಯ ಪುಲ್ಪಿಟ್ಟಿನ ತನಕ ಇನ್ನೂ ನಡೆದು ಬಂದಿಲ್ಲ.

ಮೂರನೇ ಕಿತ್ತುಕೊಳ್ಳುವಿಕೆ ಸರಕಾರದ್ದು. 1950ರ ಆಗಸ್ಟ್ 10ರ ರಾಷ್ಟ್ರಪತಿ ಆದೇಶದ ಮೂರನೇ ಪ್ಯಾರಾ ಪ್ರಕಾರ ಹಿಂದೂ ಅಲ್ಲದವನು ಪರಿಶಿಷ್ಟ ಜಾತಿಯವನಲ್ಲ. 1956ರಲ್ಲಿ ಸಿಖ್ಖರನ್ನ, 1990ರಲ್ಲಿ ಬೌದ್ಧರನ್ನ ಸೇರಿಸಿದ್ರು. ಕ್ರೈಸ್ತ, ಮುಸ್ಲಿಂ ದಲಿತರು ಹೊರಗೇ. ಚೆನ್ನೈನಲ್ಲಿ ರಸ್ತೆ ಬದಿ ಚಪ್ಪಲಿ ಹೊಲಿಯುತ್ತಿದ್ದ ಸೂಸೈ ಎನ್ನುವವರಿಗೆ, ಉಳಿದ ಚಮ್ಮಾರರಿಗೆ ಕೊಟ್ಟ ಸರಕಾರಿ ಪೆಟ್ಟಿಗೆ ಅಂಗಡಿ ಸಿಗಲಿಲ್ಲ, ಕ್ರೈಸ್ತ ಅಂತ. ಸುಪ್ರೀಂ ಕೋರ್ಟಿಗೆ ಹೋದ್ರು. 1985ರಲ್ಲಿ ಕೋರ್ಟು, ಹೊಸ ಧರ್ಮದಲ್ಲೂ ಅದೇ ಪ್ರಮಾಣದ ಶೋಷಣೆ ಇದೆ ಅಂತ ತೋರಿಸಬೇಕು ಅಂತ ಹೇಳಿ ಅರ್ಜಿ ತಳ್ಳಿಹಾಕ್ತು. ಚಪ್ಪಲಿ ಹೊಲಿಯೋ ಕೈಗಿಂತ ಬ್ಯಾರೆ ಸಾಕ್ಷಿ ಏನು ತರಬೇಕಿತ್ತೋ ಗೊತ್ತಿಲ್ಲ. 2007ರಲ್ಲಿ ರಂಗನಾಥ ಮಿಶ್ರಾ ಆಯೋಗ ಆ ಪ್ಯಾರಾವನ್ನೇ ತೆಗೀರಿ ಅಂತ ಶಿಫಾರಸು ಮಾಡ್ತು. ಕಪಾಟು ಸೇರಿತು. 2022ರಲ್ಲಿ ಕೆ.ಜಿ. ಬಾಲಕೃಷ್ಣನ್ ಆಯೋಗ ಬಂತು, ಅವಧಿ ಮೇಲೆ ಅವಧಿ ವಿಸ್ತರಣೆ. 2025ರ ಏಪ್ರಿಲ್‌ನಲ್ಲಿ ಆಂಧ್ರ ಹೈಕೋರ್ಟು, ಕ್ರೈಸ್ತನಾಗಿ ಪಾಸ್ಟರ್ ಕೆಲಸ ಮಾಡೋನಿಗೆ ದೌರ್ಜನ್ಯ ತಡೆ ಕಾಯ್ದೆಯ ರಕ್ಷಣೆ ಇಲ್ಲ ಅಂತು. ಅಂದ್ರೆ ಬೈಯೋನು ಜಾತಿ ಹಿಡಿದೇ ಬೈತಾನೆ, ಕೋರ್ಟಿಗೆ ಹೋದ್ರೆ ನಿನಗೆ ಜಾತಿ ಇಲ್ಲ ಅಂತಾರೆ.

ಹಿಂಗಾಗಿ ನಮ್ಮಲ್ಲಿ ಎರಡು ಹೆಸರು, ಎರಡು ಬದುಕು. ಮನೆಯಲ್ಲಿ ಒಂದು, ಶಾಲೆಯ ದಾಖಲೆಯಲ್ಲಿ ಒಂದು. ನಮ್ಮ ಮನೆಯ ಕಾಗದದ ವಿಷಯ ನಾನಿಲ್ಲಿ ಬರೆಯಲ್ಲ, ಯಾಕಂತ ನಿಮಗೆ ಗೊತ್ತು. ಒಂದು ಕಚೇರಿಯಲ್ಲಿ ಜಾತಿ ಪ್ರಮಾಣಪತ್ರಕ್ಕೆ ನಿಂತಾಗ, ಅಲ್ಲಿನ ಗುಮಾಸ್ತ ನನ್ನ ಹೆಸರು ನೋಡಿ, "ನಿಮ್ಮ ಮನ್ಯಾಗ ಯಾರರ ಪ್ರಾರ್ಥನಿ ಮಾಡ್ತಾರೇನು?" ಅಂತ ಕೇಳಿದ. ಆಯಿ ಅವತ್ತು ಹೊರಗೆ ಬೇವಿನ ಗಿಡದ ಕೆಳಗೆ ಕುಂತಿದ್ಳು. ಯಾವ ನಂಬಿಕೆ ಆಕೆಗೆ ತಲೆ ಎತ್ತಿ ನಿಲ್ಲೋದು ಕಲಿಸಿತ್ತೋ, ಅದನ್ನ ಮುಚ್ಚಿಟ್ರೇನೇ ಮೊಮ್ಮಗನಿಗೆ ಹಾಸ್ಟೆಲ್ ಸೀಟು. ಇಂಥ ಆಯ್ಕೆ ಈ ದೇಶದಲ್ಲಿ ಬ್ಯಾರೆ ಯಾರ ಮುಂದೆ ಇಟ್ಟಿದ್ದಾರೆ ಹೇಳ್ರಿ.

2025ರ ಸೆಪ್ಟೆಂಬರಿನಲ್ಲಿ ರಾಜ್ಯದ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆ ಶುರುವಾಗೋ ಹೊತ್ತಿಗೆ, ಪಟ್ಟಿಯಲ್ಲಿ ಜಾತಿ ಹೆಸರಿನ ಜೊತೆ ಕ್ರಿಶ್ಚಿಯನ್ ಅಂತ ಇದ್ದದ್ದಕ್ಕೆ ಎಷ್ಟು ಗದ್ದಲ ಆಯ್ತು ನೆನಪಿದೆಯಲ್ಲ. ಇಂಥ ಜಾತಿ ಹೆಂಗೆ ಇರ್ತದ ಅಂತ ಟಿವಿಯಲ್ಲಿ ಕೂಗಾಡಿದ್ರು. ಕೊನೆಗೆ ಆ ಹೆಸರುಗಳನ್ನ ಪಟ್ಟಿಯಲ್ಲಿ ಕಾಣದಂತೆ ಮಾಡಿದ್ರು. ಆಗ ನಮ್ಮ ಸಂಘಟನೆಗಳ ಪೈಕಿ ಎಷ್ಟು ಮಂದಿ ಬಾಯಿ ಬಿಟ್ವಿ? ಅವರು ಹಾಲುಪುಡಿಯವರು, ನಮಗ್ಯಾಕೆ ಅಂತ ತಾನೇ? ಮೀಸಲಾತಿ ಪಾಲು ಹಂಚಿಹೋಗ್ತದ ಅನ್ನೋ ಭಯ ನನಗೂ ಅರ್ಥ ಆಗ್ತದ. ಅದು ಕುಂತು ಮಾತಾಡಬೇಕಾದ ಗಂಭೀರ ವಿಷಯ, ಪಾಲು ಹೆಚ್ಚಿಸೋ ಪ್ರಶ್ನೆಯೂ ಅದರ ಜೊತೆಗೇ ಬರಬೇಕು. ಆದ್ರೆ ಮಾತಾಡೋಕ್ಕಿಂತ ಮೊದಲು ಆ ಬೈಗುಳ ಬಿಡ್ರಿ. 1956ರಲ್ಲಿ ನಾಗಪುರದಲ್ಲಿ ದೀಕ್ಷೆ ತಗೊಂಡ ಲಕ್ಷಾಂತರ ಮಂದಿಗೆ ಸ್ವಂತ ಬುದ್ಧಿ ಇತ್ತು ಅಂತ ಒಪ್ಪೋದಾದ್ರೆ, ಅದಕ್ಕೂ ಮುಂಚೆ ಮಾಂಜ್ರಾ ದಂಡೆಯ ಕೇರಿಗಳಲ್ಲಿ ನೀರಿಗಿಳಿದವರಿಗೂ ಇತ್ತು.

ನಾವೊಂದು ಐದಾರು ಗೆಳೆಯರು ಈಗ ಒಂದು ಕೆಲಸಕ್ಕೆ ಕೈ ಹಾಕಿದ್ದೀವಿ. ಬೀದರ ಜಿಲ್ಲೆಯ ಕೇರಿಗಳಲ್ಲಿ 75 ದಾಟಿದ ಹಿರಿಯರನ್ನ ಕಂಡು, ಅವರ ಮನೆತನಕ್ಕೆ ಈ ನಂಬಿಕೆ ಹೆಂಗೆ ಬಂತು, ಯಾರ ಬಾಯಿಂದ ಬಂತು, ಆಗ ಊರು ಏನು ಮಾಡ್ತು, ಏನು ಬಿಟ್ರು, ಏನು ಉಳಿಸಿಕೊಂಡ್ರು ಅಂತ ಮೊಬೈಲಿನಲ್ಲೇ ರೆಕಾರ್ಡ್ ಮಾಡ್ತಾ ಇದ್ದೀವಿ. ಹೆಸರು, ಊರು ಎಲ್ಲೂ ಹಾಕಲ್ಲ, ಕಾಗದದ ತಾಪತ್ರಯ ಇರೋರು ಹೆದರಬ್ಯಾಡ್ರಿ. ಹಳೇ ಬೋಧಕರ ಡೈರಿ, ಕೀರ್ತನೆ ಪುಸ್ತಕದ ಮೊದಲ ಹಾಳೆಯಲ್ಲಿ ಬರೆದ ಹುಟ್ಟುಸಾವಿನ ತಾರೀಖು, ದೀಕ್ಷಾಸ್ನಾನದ ಚೀಟಿ, ಯಾವುದಿದ್ರೂ ಫೋಟೋ ತಗೊಂಡು ಇಟ್ಟಿರ್ರಿ, ರದ್ದಿಗೆ ಹಾಕಬ್ಯಾಡ್ರಿ. ಹೆಣ್ಣುಮಕ್ಕಳನ್ನ ಮೊದಲು ಕೇಳ್ರಿ, ಗಂಡಸರು ಎಲ್ಲ ಕಥೆಯನ್ನೂ ದೊರೆಯಿಂದಲೇ ಶುರು ಮಾಡ್ತಾರೆ. ಹುಮನಾಬಾದ, ಭಾಲ್ಕಿ ಕಡೆ ಕೆಲಸ ನಡೆದಿದೆ. ಔರಾದ ಕಡೆಗೆ ಮರಾಠಿ ಚೆನ್ನಾಗಿ ಬರೋ ಇಬ್ಬರು ಬೇಕು.

ಜೈಭೀಮ್.